ಬಲ್ಬ್ ಒತ್ತಿದರೆ ಜೀವ ಬರುವ ಎಂಜಿನ್‌ಗೆ ಹೊಸ ಕಾರ್ಬೊರೇಟರ್ ಬೇಡ

ಪ್ರಶ್ನೆ: ನಾವು ಸಾಗರ ತಾಲ್ಲೂಕಿನವರು. ನಮ್ಮ ಅಡಿಕೆ ತೋಟದ ಒಂದು ಭಾಗ ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ಓಡಾಡಲು ಕರಾವಳಿ ಕಡೆಯಿಂದ ಹಳೇ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ತಂದು ದೋಣಿಗೆ ಹಾಕಿದ್ದೇವೆ. 8 ಎಚ್‌ಪಿ, ಎರಡು ಸಿಲಿಂಡರ್, ಟ್ಯಾಂಕ್ ಬೇರೆ. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿತ್ತು. ಈಗ ಹಗ್ಗ ಎಳೆದರೆ ಎರಡು ಮೂರು ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಐದು ಹತ್ತು ನಿಮಿಷ ಚೆನ್ನಾಗಿ ಹೋಗುತ್ತದೆ. ಆಮೇಲೆ ಫುಲ್ ಕೊಟ್ಟಾಗ ಶಕ್ತಿ ಇಳಿಯುತ್ತಾ ಬಂದು ನಿಂತುಬಿಡುತ್ತದೆ. ಪೈಪಿನ ನಡುವಿನ ರಬ್ಬರ್ ಬಲ್ಬ್ ಒತ್ತುತ್ತಾ ಇದ್ದರೆ ಮತ್ತೆ ಜೀವ ಬರುತ್ತದೆ. ಸುಮ್ನೆ ಸ್ವಲ್ಪ ಹೊತ್ತು ಬಿಟ್ಟರೂ ಸ್ಟಾರ್ಟ್ ಆಗುತ್ತದೆ. ಬೈಕ್ ಮೆಕ್ಯಾನಿಕ್ ಎರಡು ಸಲ ಕಾರ್ಬೊರೇಟರ್ ತೊಳೆದುಕೊಟ್ಟರು, ಹೊಸ ಪ್ಲಗ್ ಹಾಕಿದರು. ಪ್ರಯೋಜನ ಆಗಿಲ್ಲ. ಟ್ಯಾಂಕಿನಲ್ಲಿ ಬೇಸಿಗೆಯಲ್ಲಿ ತುಂಬಿಸಿದ ಪೆಟ್ರೋಲ್ ಅರ್ಧ ಇತ್ತು, ಅದರ ಮೇಲೇ ಹೊಸದು ಹಾಕಿದ್ದೇವೆ. ಆಯಿಲ್ ಕಳೆ ಕೊಚ್ಚುವ ಮಷಿನ್ನಿಗೆ ಹಾಕುವುದನ್ನೇ ಬಳಸುತ್ತೇವೆ, ಸೀಜ್ ಆಗದಿರಲಿ ಅಂತ ಸ್ವಲ್ಪ ಜಾಸ್ತಿಯೇ. ಹೊಗೆ ವಿಪರೀತ. ಹೊಸ ಕಾರ್ಬೊರೇಟರ್ ತರಿಸಬೇಕಾ?

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಬಲ್ಬ್ ಒತ್ತಿದಾಗ ಎಂಜಿನ್‌ಗೆ ಜೀವ ಬರುತ್ತದೆ ಅಂದಿರಲ್ಲ, ಆ ಒಂದು ಮಾತು ಬಹಳ ಸಂಗತಿ ಹೇಳುತ್ತದೆ. ಕೈಯಿಂದ ತಳ್ಳಿದ ಪೆಟ್ರೋಲನ್ನು ಕಾರ್ಬೊರೇಟರ್ ಸರಿಯಾಗಿ ತೆಗೆದುಕೊಂಡು ಸಿಲಿಂಡರ್‌ಗೆ ಕೊಡುತ್ತಿದೆ. ಅಂದರೆ ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ಟು, ಪೆಟ್ರೋಲ್ ಬರುವ ಬಾಯಿ ಮುಚ್ಚಿ ತೆಗೆಯುವ ನೀಡಲ್ಲು ಬಹುಮಟ್ಟಿಗೆ ಸರಿಯಾಗಿವೆ. ಪೆಟ್ರೋಲ್ ಅಲ್ಲಿಯವರೆಗೆ ಬರುತ್ತಿಲ್ಲ, ಅಷ್ಟೆ. ತೊಂದರೆ ಇರುವುದು ಟ್ಯಾಂಕಿನಿಂದ ಎಂಜಿನ್ನಿನ ಪೆಟ್ರೋಲ್ ಪಂಪಿನವರೆಗಿನ ದಾರಿಯಲ್ಲಿ. ಮೂರನೇ ಸಲ ಕಾರ್ಬೊರೇಟರ್ ತೊಳೆದರೂ ಇದು ಹೋಗುವುದಿಲ್ಲ.

ಕರೆಂಟಿನ ತೊಂದರೆ ಇರಬಹುದಾ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಳೇ ಎಂಜಿನ್ನಿನಲ್ಲಿ ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಬಿಸಿಯಾದಾಗ ಕೈಕೊಟ್ಟು, ತಣ್ಣಗಾದ ಮೇಲೆ ಮತ್ತೆ ಕೆಲಸ ಮಾಡುವುದುಂಟು. ಲಕ್ಷಣ ಹೊರಗಿನಿಂದ ಹೀಗೇ ಕಾಣುತ್ತದೆ. ಆದರೆ ಕಾಯಿಲ್ ಹೋದಾಗ ಎಂಜಿನ್ ಸ್ವಿಚ್ ಆರಿಸಿದ ಹಾಗೆ ತಟ್ಟನೆ ನಿಲ್ಲುತ್ತದೆ. ಇಲ್ಲವೇ ಒಂದು ಸಿಲಿಂಡರ್ ಬಿಟ್ಟು ಒಂದರಲ್ಲೇ ಓಡುತ್ತದೆ. ಬಲ್ಬ್ ಎಷ್ಟು ಒತ್ತಿದರೂ ಅದಕ್ಕೆ ಸಂಬಂಧ ಇಲ್ಲ. ಪೆಟ್ರೋಲ್ ಕಡಿಮೆಯಾದಾಗ ಮಾತ್ರ ಶಕ್ತಿ ಇಳಿಯುತ್ತಾ, ಒಮ್ಮೆ ಏರಿ ಒಮ್ಮೆ ಇಳಿದು, ಕೊನೆಗೆ ನಿಲ್ಲುತ್ತದೆ. ನಿಮ್ಮದು ಎರಡನೆಯದು.

ಮುಂದೆ ಹೋಗುವ ಮೊದಲು ಒಂದು ಮಾತು. ಬಲ್ಬ್ ಒತ್ತಿಕೊಂಡೇ ಆಚೆ ದಡಕ್ಕೆ ಹೋಗಿಬರುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕಾರು, ಈಗಿನ ಬೈಕುಗಳಲ್ಲಿ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಈ ಎಂಜಿನ್ನಿನಲ್ಲಿ ಪಿಸ್ಟನ್ನು, ಬೇರಿಂಗು ಎಲ್ಲಕ್ಕೂ ಬೇಕಾದ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲ್ ಅರೆಹೊಟ್ಟೆಯಾದರೆ ಆಯಿಲ್ ಕೂಡ ಅರೆಹೊಟ್ಟೆ. ಜೊತೆಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದಾಗ ಉರಿ ಇನ್ನೂ ಬಿಸಿಯಾಗುತ್ತದೆ. ಫುಲ್ ಆಕ್ಸಿಲರೇಟರ್‌ನಲ್ಲಿ ಎರಡೂ ಒಟ್ಟಿಗೆ ಆದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡು ಸೀಜ್ ಆಗಲು ಜಾಸ್ತಿ ಹೊತ್ತು ಬೇಡ. ನೂರಿನ್ನೂರು ರೂಪಾಯಿಯ ರಬ್ಬರ್ ಸಾಮಾನಿನ ತೊಂದರೆ ಆಮೇಲೆ ಸಿಲಿಂಡರ್ ಕೊರೆಸುವ ಬೋರಿಂಗ್ ಕೆಲಸಕ್ಕೆ ಹೋಗಿ ನಿಲ್ಲುತ್ತದೆ.

ಈಗ ಟ್ಯಾಂಕಿನಿಂದ ಶುರು ಮಾಡೋಣ. ಮುಚ್ಚಳದ ಮೇಲೆ ಒಂದು ಸಣ್ಣ ತಿರುಪು ಇರುತ್ತದೆ, ಗಾಳಿ ಒಳಗೆ ಹೋಗಲಿಕ್ಕೆ. ಸಾಗಿಸುವಾಗ ಅದನ್ನು ಮುಚ್ಚುತ್ತೇವೆ, ಓಡಿಸುವಾಗ ಬಿಚ್ಚಬೇಕು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸ್ವಲ್ಪ ಬಂದು ನಿಲ್ಲುತ್ತದೆ, ಎದುರು ಕಡೆ ಇನ್ನೊಂದು ತೂತು ಹೊಡೆದರೆ ಸಲೀಸಾಗಿ ಬರುತ್ತದೆ, ಅಲ್ವಾ? ಇದೂ ಹಾಗೇ. ಗಾಳಿ ಹೋಗದಿದ್ದರೆ ಟ್ಯಾಂಕಿನೊಳಗೆ ಎಳೆತ ಹುಟ್ಟುತ್ತದೆ. ಪಂಪಿಗೆ ಅದನ್ನು ಮೀರಿ ಎಳೆಯುವ ತಾಕತ್ತಿಲ್ಲ. ಐದು ಹತ್ತು ನಿಮಿಷ ಓಡಿ ನಿಲ್ಲುವುದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವುದು ಇದರದ್ದೇ ಲಕ್ಷಣ. ಬಿಟ್ಟ ಹೊತ್ತಿನಲ್ಲಿ ಎಲ್ಲಿಂದಲೋ ಗಾಳಿ ನಿಧಾನಕ್ಕೆ ನುಸುಳಿ ಎಳೆತ ಕಡಿಮೆಯಾಗಿರುತ್ತದೆ.

ತಿರುಪು ಬಿಚ್ಚಿದ್ದೇವೆ ಅಂತ ನೀವು ಹೇಳಬಹುದು. ಬಿಚ್ಚಿದ ಮಾತ್ರಕ್ಕೆ ಗಾಳಿ ಹೋಗುತ್ತದೆ ಅಂತ ಇಲ್ಲ. ಮಲೆನಾಡಿನ ಕೊಟ್ಟಿಗೆಯಲ್ಲಿ ನಾಲ್ಕು ತಿಂಗಳು ಬಿಟ್ಟ ಯಾವ ಸಣ್ಣ ತೂತನ್ನೂ ನಂಬಬೇಡಿ. ಮಣ್ಣಿನ ಗೂಡು ಕಟ್ಟುವ ಹುಳಕ್ಕೆ ಇಂಥ ತೂತು ಅಂದರೆ ಪ್ರೀತಿ. ಜೊತೆಗೆ ಬೂಷ್ಟು, ತುಕ್ಕು ಬೇರೆ. ಮುಚ್ಚಳ ತೆಗೆದು, ತಿರುಪು ಬಿಚ್ಚಿ, ಒಳಗಡೆಯಿಂದ ಊದಿ ನೋಡಿ. ಸಲೀಸಾಗಿ ಗಾಳಿ ಹೊರಬರಬೇಕು.

ಇನ್ನೂ ಸುಲಭದ ಪರೀಕ್ಷೆ ಇದೆ. ದಡದ ಹತ್ತಿರವೇ ಓಡಿಸಿ. ಎಂಜಿನ್ ಕುಗ್ಗಲು ಶುರುವಾದ ಕೂಡಲೇ ಜೊತೆಗಿದ್ದವರು ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲ ಮಾಡಲಿ. ‘ಸುಸ್ಸ್’ ಅಂತ ಗಾಳಿ ಒಳಗೆ ಎಳೆದ ಸದ್ದು ಬಂದು ಎಂಜಿನ್ ಚೇತರಿಸಿಕೊಂಡರೆ ನಿಮ್ಮ ರಿಪೇರಿ ಅಲ್ಲಿಗೆ ಮುಗಿಯಿತು. ಮುಚ್ಚಳ ಸಡಿಲ ಬಿಟ್ಟೇ ಓಡಾಡುವುದನ್ನು ಮಾತ್ರ ಪರಿಹಾರ ಅಂದುಕೊಳ್ಳಬೇಡಿ. ಪೆಟ್ರೋಲ್ ಚೆಲ್ಲುತ್ತದೆ, ಅದರ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಹೋಗಿ ಕೂರುತ್ತದೆ. ಬೀಡಿ ಹಚ್ಚುವವರು ಯಾವ ದೋಣಿಯಲ್ಲಿ ಇರುವುದಿಲ್ಲ ಹೇಳಿ!

ಅದರಿಂದ ಸರಿಹೋಗದಿದ್ದರೆ ಬಲ್ಬ್ ನೋಡಿ. ಅದನ್ನು ಬರೀ ಸ್ಟಾರ್ಟ್ ಮಾಡುವ ಸಾಧನ ಅಂದುಕೊಂಡಿದ್ದೇವೆ. ನನ್ನ ಮಟ್ಟಿಗೆ ಈ ಎಂಜಿನ್ನಿನಲ್ಲಿ ಅದಕ್ಕಿಂತ ಒಳ್ಳೇ ಮೀಟರ್ ಇಲ್ಲ.

ಮೊದಲು ಎಂಜಿನ್ ನಿಲ್ಲಿಸಿದಾಗಿನ ಪರೀಕ್ಷೆ. ಬಲ್ಬಿನ ಮೇಲೆ ಒಂದು ಬಾಣದ ಗುರುತಿದೆ, ಅದು ಎಂಜಿನ್ ಕಡೆಗಿರಬೇಕು. ಹಳೇ ಪೈಪಿಗೆ ಹೊಸ ಬಲ್ಬ್ ಹಾಕುವಾಗ ತಿರುಗುಮುರುಗು ಹಾಕಿದ್ದನ್ನು ನೋಡಿದ್ದೇನೆ. ಬಾಣ ಮೇಲಕ್ಕೆ ಬರುವ ಹಾಗೆ ಹಿಡಿದು ಒತ್ತಿ. ಒಳಗಿನ ಎರಡು ವಾಲ್ವುಗಳು ಹಾಗೆ ಹಿಡಿದಾಗ ಚೆನ್ನಾಗಿ ಕೂರುತ್ತವೆ. ಕೆಲವು ಸಲ ಒತ್ತಿದ ಮೇಲೆ ಬಲ್ಬ್ ಗಟ್ಟಿಯಾಗಬೇಕು, ಕೆಲವು ನಿಮಿಷ ಗಟ್ಟಿಯಾಗೇ ಉಳಿಯಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲಿಂದಲೋ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬಿನ ವಾಲ್ವ್ ಹೋಗಿದೆ, ಇಲ್ಲವೇ ಕಾರ್ಬೊರೇಟರಿನ ನೀಡಲ್ ಮುಚ್ಚದೆ ಪೆಟ್ರೋಲ್ ಉಕ್ಕಿ ಹೊರಗೆ ಹೋಗುತ್ತಿದೆ. ಮೂರನೆಯದಾದರೆ ಎಂಜಿನ್ನಿನ ಬಾಯಲ್ಲಿ ಪೆಟ್ರೋಲ್ ತೊಟ್ಟಿಕ್ಕುವುದು ಕಾಣುತ್ತದೆ.

ಎಂಜಿನ್ ಓಡುವಾಗ ಬಲ್ಬ್ ಸ್ವಲ್ಪ ಮೆತ್ತಗಾಗುತ್ತದೆ, ಅದು ಸಹಜ. ಅದನ್ನು ನೋಡಿ ಗಾಬರಿಯಾಗಿ ಒತ್ತುತ್ತಾ ಕೂರಬೇಡಿ. ನೋಡಬೇಕಾದ್ದು ಎಂಜಿನ್ ಸಾಯುವ ಆ ಹೊತ್ತಿನಲ್ಲಿ ಅದು ಹೇಗಿದೆ ಅಂತ. ಚಪ್ಪಟೆಯಾಗಿ ಒಳಗೆ ಕುಗ್ಗಿದ್ದರೆ ತಡೆ ಇರುವುದು ಬಲ್ಬಿಗಿಂತ ಹಿಂದೆ, ಟ್ಯಾಂಕಿನ ಕಡೆ. ಪಂಪ್ ಎಳೆಯುತ್ತಿದೆ, ಹಿಂದಿನಿಂದ ಬರುತ್ತಿಲ್ಲ. ಗಾಳಿ ತೂತು ಸರಿ ಇದ್ದರೆ ಟ್ಯಾಂಕಿನೊಳಗೆ ಪೆಟ್ರೋಲ್ ಎಳೆಯುವ ಕೊಳವೆಯ ತುದಿಯ ಜಾಲರಿ ನೋಡಿ, ಅಲ್ಲಿ ಕಸ ಕಟ್ಟಿರುತ್ತದೆ. ಬಲ್ಬ್ ಚಪ್ಪಟೆಯಾಗದೆ ಖಾಲಿ ಖಾಲಿ ಅನ್ನಿಸಿ, ಒತ್ತಿದರೆ ನೊರೆ ನೊರೆಯಾಗಿ ಹೋದರೆ ಗಾಳಿ ಸೇರುತ್ತಿದೆ. ಚಪ್ಪಟೆಯೂ ಆಗಿಲ್ಲ, ಒಳಗೆ ಪೆಟ್ರೋಲ್ ತುಂಬಿದೆ, ಆದರೂ ಕೈಯಿಂದ ಒತ್ತಿದರೆ ಮಾತ್ರ ಎಂಜಿನ್ ಬದುಕುತ್ತದೆ ಅಂದರೆ ಎಂಜಿನ್ನಿನ ಫಿಲ್ಟರ್ ಅರ್ಧ ಕಟ್ಟಿದೆ, ಇಲ್ಲವೇ ಪಂಪ್ ಸೋತಿದೆ. ಒತ್ತಿದರೂ ಕೈಗೆ ಕಲ್ಲಿನಂತೆ ಸಿಕ್ಕಿ, ಎಂಜಿನ್‌ಗೆ ಜೀವ ಬರದಿದ್ದರೆ ಮಾತ್ರ ಕಾರ್ಬೊರೇಟರ್ ಕಡೆ ಹೋಗಬೇಕು. ನಿಮ್ಮದು ಹಾಗಿಲ್ಲ.

ಗಾಳಿ ಸೇರುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ಪಂಪ್ ಪೆಟ್ರೋಲನ್ನು ಎಳೆಯುವ ಭಾಗದಲ್ಲಿ ಪೈಪಿಗೆ ಸಣ್ಣ ಬಿರುಕು ಇದ್ದರೆ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ‘ಎಲ್ಲೂ ಲೀಕ್ ಇಲ್ಲ’ ಅನ್ನುವುದು ಸಾಕ್ಷಿಯಲ್ಲ. ಮೊದಲ ಅನುಮಾನ ಪೈಪ್ ಎಂಜಿನ್‌ಗೆ ಸಿಕ್ಕಿಸುವ ಕನೆಕ್ಟರ್ ಮೇಲೆ. ಅದರೊಳಗೆ ಸಣ್ಣ ರಬ್ಬರ್ ಬಳೆ, ಓ ರಿಂಗ್ ಇದೆ. ಹಳತಾದರೆ ಗಟ್ಟಿಯಾಗಿ ಚಪ್ಪಟೆಯಾಗಿರುತ್ತದೆ. ಎಂಜಿನ್ ಕುಗ್ಗುವಾಗ ಆ ಕನೆಕ್ಟರನ್ನು ಕೈಯಲ್ಲಿ ಒತ್ತಿ ಹಿಡಿದು ನೋಡಿ, ಚೇತರಿಸಿಕೊಂಡರೆ ಕಳ್ಳ ಸಿಕ್ಕಿದ. ಆಮೇಲೆ ಪ್ರತಿ ಕೀಲಿನ ಕ್ಲಾಂಪ್. ತಂತಿ ಸುತ್ತಿ ಬಿಗಿದಿದ್ದರೆ ಬಿಚ್ಚಿ ಸರಿಯಾದ ಕ್ಲಾಂಪ್ ಹಾಕಿ. ಪತ್ತೆಗೆ ಬೇಕಾದರೆ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೆಟ್ರೋಲ್ ಪೈಪ್ ತಾತ್ಕಾಲಿಕವಾಗಿ ಹಾಕಿ ಗುಳ್ಳೆ ನೋಡಬಹುದು. ಗಾರೆ ಕೆಲಸದವರ ಲೆವೆಲ್ ಪೈಪು, ಔಷಧಿ ಹೊಡೆಯುವ ಪೈಪು ಇದಕ್ಕೆ ಆಗುವುದಿಲ್ಲ. ಪೆಟ್ರೋಲ್ ತಾಗಿದರೆ ಕೆಲವೇ ದಿನಕ್ಕೆ ಗಟ್ಟಿಯಾಗಿ ಬಿರಿಯುತ್ತವೆ.

ಪೈಪ್ ಎಷ್ಟು ಹಳತು ಅಂತ ನೀವು ಬರೆದಿಲ್ಲ. ಎಂಜಿನ್ ಜೊತೆ ಬಂದದ್ದೇ ಆಗಿದ್ದರೆ, ಪರೀಕ್ಷೆಯಲ್ಲಿ ಏನೇ ಸಿಗಲಿ, ಬಲ್ಬ್ ಸಮೇತ ಬದಲಾಯಿಸಿ ಅನ್ನುವುದು ನನ್ನ ಅಭಿಪ್ರಾಯ. ಕಾರಣ ಈಗಿನ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ನಮ್ಮ ದೇಶದಲ್ಲಿ ಇ20 ಮಾರಾಟ ಶುರುವಾಯಿತು. 2025ರ ಹೊತ್ತಿಗೆ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು ಅನ್ನುವ ಹಾಗಾಯಿತು. ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಎಥೆನಾಲ್. ಹಳೇ ಎಂಜಿನ್ನಿನ ಪೈಪು, ಪಂಪಿನೊಳಗಿನ ತೆಳು ಪದರ ಅಂದರೆ ಡಯಾಫ್ರಂ, ಓ ರಿಂಗ್ ಇವನ್ನು ಮಾಡಿದಾಗ ಇಷ್ಟು ಎಥೆನಾಲ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಕೆಲವು ರಬ್ಬರ್ ಊದುತ್ತದೆ, ಕೆಲವು ಮೆತ್ತಗಾಗಿ ಅಂಟಂಟಾಗುತ್ತದೆ. ಇದರಲ್ಲಿ ಮೋಸದ್ದು ಅಂದರೆ ಪೈಪಿನ ಒಳಪದರ ಬಿಟ್ಟುಕೊಳ್ಳುವುದು. ಹೊರಗೆ ನೋಡಿದರೆ ಪೈಪ್ ಚೆನ್ನಾಗೇ ಇದೆ. ಒಳಗೆ ಪದರ ಎದ್ದು ಜೋತಾಡುತ್ತಿರುತ್ತದೆ. ನಿಧಾನಕ್ಕೆ ಓಡಿಸಿದರೆ ಪೆಟ್ರೋಲ್ ಪಕ್ಕದಿಂದ ಹೋಗುತ್ತದೆ. ಫುಲ್ ಕೊಟ್ಟಾಗ ಎಳೆತ ಜಾಸ್ತಿಯಾಗಿ ಆ ಪದರವೇ ದಾರಿ ಮುಚ್ಚುತ್ತದೆ. ಊದಿ ನೋಡಿದರೂ ಗೊತ್ತಾಗುವುದಿಲ್ಲ. ಪೈಪ್ ತರುವಾಗ ಎಥೆನಾಲ್ ತಡೆಯುವ ಪೆಟ್ರೋಲ್ ಪೈಪ್ ಅಂತಲೇ ಕೇಳಿ, ಒಳ ಅಳತೆ ಹಳೆಯದಕ್ಕಿಂತ ಸಣ್ಣದಿರಬಾರದು. ಸಾಗರದಲ್ಲಿ ಸಿಗದಿದ್ದರೆ ಜೋಗದ ಮೇಲೆ ಹೊನ್ನಾವರಕ್ಕೆ ಇಳಿಯಿರಿ. ಭಟ್ಕಳ, ಗಂಗೊಳ್ಳಿ, ಮಲ್ಪೆ ಕಡೆಯೂ ಮೀನುಗಾರರ ಎಂಜಿನ್ ಸಾಮಾನು ಸಿಗುತ್ತದೆ.

ಪೈಪಿನಲ್ಲಿ ತೊಂದರೆಯಾ, ಪಂಪಿನಲ್ಲಾ ಅಂತ ಒಂದೇ ಏಟಿಗೆ ತೀರ್ಮಾನ ಮಾಡಬೇಕಾದರೆ ಪಕ್ಕದವರ ಟ್ಯಾಂಕ್, ಪೈಪ್, ಬಲ್ಬ್ ಮೂರನ್ನೂ ಎರವಲು ತಂದು ಸಿಕ್ಕಿಸಿ ಓಡಿಸಿ. ಎಂಜಿನ್ ಸರಿಯಾಗಿ ಓಡಿದರೆ ನಿಮ್ಮ ಟ್ಯಾಂಕು ಪೈಪು ಬಿಟ್ಟು ಬೇರೆಲ್ಲೂ ಹುಡುಕಬೇಡಿ. ಕನೆಕ್ಟರ್ ಒಂದೇ ಜಾತಿಯದು ಇರಬೇಕು ಅಷ್ಟೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ಇನ್ನು ಆ ಬೇಸಿಗೆಯ ಪೆಟ್ರೋಲ್. ಅದರ ಮೇಲೇ ಹೊಸದು ಹಾಕಿದ್ದೇವೆ ಅಂದಿದ್ದೀರಿ. ಇಡೀ ಟ್ಯಾಂಕ್ ಖಾಲಿ ಮಾಡಿ. ಅರ್ಧ ತುಂಬಿದ ಟ್ಯಾಂಕ್ ಮಳೆಗಾಲದಲ್ಲಿ ಉಸಿರಾಡುತ್ತಿರುತ್ತದೆ. ಹಗಲು ಬಿಸಿಗೆ ಆವಿ ಹೊರಗೆ ಹೋಗುತ್ತದೆ, ರಾತ್ರಿ ತಂಪಿಗೆ ಒದ್ದೆ ಗಾಳಿ ಒಳಗೆ ಬರುತ್ತದೆ. ನಮ್ಮ ಕಡೆಯ ಜುಲೈ ಗಾಳಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಬೆಂಕಿಪೆಟ್ಟಿಗೆಯೇ ಹತ್ತುವುದಿಲ್ಲ. ಆ ನೀರನ್ನು ಎಥೆನಾಲ್ ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಏನೂ ಕಾಣುವುದಿಲ್ಲ. ಮಿತಿ ದಾಟಿದಾಗ, ಅದರಲ್ಲೂ ಚಳಿ ಬಿದ್ದಾಗ, ಎಥೆನಾಲೂ ನೀರೂ ಒಂದಾಗಿ ಪೆಟ್ರೋಲ್ ಬಿಟ್ಟು ಕೆಳಗೆ ಕೂರುತ್ತವೆ.

ಇದರಲ್ಲಿ ಟೂ ಸ್ಟ್ರೋಕ್‌ಗೆ ಬೇರೆಯೇ ಅಪಾಯ ಇದೆ. ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನ ಜೊತೆ ಉಳಿಯುತ್ತದೆ. ಕೆಳಗಿನ ಪದರದಲ್ಲಿ ಆಯಿಲ್ ಇಲ್ಲದ ಹಾಗೇ. ಟ್ಯಾಂಕಿನ ಕೊಳವೆ ಎಳೆಯುವುದು ತಳದಿಂದ! ಎಂಜಿನ್‌ಗೆ ಮೊದಲು ಹೋಗುವುದೇ ಆಯಿಲ್ ಇಲ್ಲದ ಆ ನೀರು ಮಿಶ್ರಣ. ಅಲ್ಲಾಡಿಸಿದರೆ ಕೂಡಿಕೊಳ್ಳುತ್ತದೆ, ಹೊಸ ಪೆಟ್ರೋಲ್ ಹಾಕಿದರೆ ಸರಿಹೋಗುತ್ತದೆ ಅನ್ನುವುದನ್ನು ನಂಬಬೇಡಿ. ಪರೀಕ್ಷೆ ಮಾಡಲು ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಗೆ ಹಾಕಿ, ಮುಚ್ಚಿ, ಬೆಂಕಿಯಿಂದ ದೂರ ರಾತ್ರಿಯಿಡೀ ಇಡಿ. ಬೆಳಗ್ಗೆ ನಡುವೆ ಗೆರೆ ಎಳೆದ ಹಾಗೆ ಎರಡು ಪದರ ಕಂಡರೆ ವಿಷಯ ಅದೇ. ಎಂಜಿನ್ ಫಿಲ್ಟರ್‌ನ ಪಾರದರ್ಶಕ ಬಟ್ಟಲಿನಲ್ಲೂ ತಳದಲ್ಲಿ ನೀರಿನ ಹನಿ ಕಾಣಬಹುದು. ಆ ಬಟ್ಟಲು ಬಿಚ್ಚಿ ತೊಳೆಯಿರಿ, ಒಳಗಿನ ಜಾಲರಿ ಕಪ್ಪಾಗಿದ್ದರೆ ಬದಲಿಸಿ, ಕೂರಿಸುವಾಗ ಅದರ ಓ ರಿಂಗ್ ತಿರುಚಿಕೊಳ್ಳದ ಹಾಗೆ ನೋಡಿ. ತಗಡಿನ ಟ್ಯಾಂಕ್ ಆಗಿದ್ದರೆ ಒಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ತುಕ್ಕು ಉದುರುತ್ತಿದ್ದರೆ ಪ್ಲಾಸ್ಟಿಕ್ ಟ್ಯಾಂಕ್ ತರುವುದೇ ಲೇಸು. ಇಳಿಸಿದ ಪೆಟ್ರೋಲನ್ನು ಹಿನ್ನೀರಿಗೂ ತೋಟಕ್ಕೂ ಚೆಲ್ಲಬೇಡಿ, ಒಲೆ ಹಚ್ಚಲೂ ಬಳಸಬೇಡಿ. ಮುಚ್ಚಿದ ಕ್ಯಾನಿನಲ್ಲಿ ಗ್ಯಾರೇಜಿಗೆ ಕೊಡಿ.

ಆಯಿಲ್ ವಿಷಯಕ್ಕೆ ಬರುತ್ತೇನೆ. ಕಳೆ ಕೊಚ್ಚುವ ಮಷಿನ್ ಗಾಳಿಯಲ್ಲಿ ತಣ್ಣಗಾಗುವ ಎಂಜಿನ್, ತುಂಬ ಬಿಸಿ ಏರುತ್ತದೆ. ಅದರ ಆಯಿಲ್‌ನಲ್ಲಿ ಆ ಬಿಸಿಗೆ ತಕ್ಕ ರಾಸಾಯನಿಕ ಹಾಕಿರುತ್ತಾರೆ, ಅದು ಉರಿದಾಗ ಬೂದಿ ಉಳಿಯುತ್ತದೆ. ನಿಮ್ಮ ದೋಣಿ ಎಂಜಿನ್ ಕೆರೆ ನೀರನ್ನು ಎಳೆದುಕೊಂಡು ತಣ್ಣಗಾಗುವ ಜಾತಿ. ಇದಕ್ಕೆ ಬೂದಿ ಬಿಡದ ಆಯಿಲ್ ಬೇಕು. ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರುತ್ತದೆ, ಅದನ್ನು ನೋಡಿ ತನ್ನಿ. ತಪ್ಪು ಆಯಿಲ್‌ನಿಂದ ಎಂಜಿನ್ ನಾಳೆಯೇ ಹೋಗುವುದಿಲ್ಲ. ನಿಧಾನಕ್ಕೆ ಪ್ಲಗ್‌ಗೆ ಕಿಟ್ಟ ಹಿಡಿಯುತ್ತದೆ, ಪಿಸ್ಟನ್ ರಿಂಗ್ ಅಂಟಿಕೊಳ್ಳುತ್ತದೆ.

‘ಜಾಸ್ತಿ ಹಾಕಿದರೆ ಒಳ್ಳೆಯದು’ ಅನ್ನುವ ನಂಬಿಕೆ ನಮ್ಮಲ್ಲಿ ಎಲ್ಲ ಕಡೆ ಇದೆ. ಲೆಕ್ಕ ಹಾಕಿ ನೋಡಿ. ಜೆಟ್ಟಿನ ತೂತು ಅಷ್ಟೇ ಇದೆ. ಅದರಲ್ಲಿ ಹೋಗುವ ಮಿಶ್ರಣದಲ್ಲಿ ಆಯಿಲ್ ಜಾಸ್ತಿಯಾದರೆ ಪೆಟ್ರೋಲ್ ಅಷ್ಟು ಕಡಿಮೆಯಾಯಿತು. ಸೀಜ್ ಆಗದಿರಲಿ ಅಂತ ಮಾಡಿದ್ದು ಉರಿಯನ್ನು ಇನ್ನಷ್ಟು ಬಿಸಿ ಮಾಡುವ ಕಡೆಗೇ ಎಳೆಯುತ್ತದೆ. ಹೊಗೆ, ಕಿಟ್ಟ ಬೇರೆ. ಎಂಜಿನ್ ಮೇಲಿನ ಫಲಕದಲ್ಲಿ ಅಥವಾ ಆ ಮಾದರಿಯ ಪುಸ್ತಕದಲ್ಲಿ ಇರುವ ಅಳತೆಯೇ ಕೊನೆ ಮಾತು. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂದರೆ 40 ಮಿಲಿ. ಹಳೇ ಮಾದರಿಗಳಲ್ಲಿ ಎರಡೂ ಉಂಟು, ಆದ್ದರಿಂದ ಊಹೆ ಬೇಡ. ಮುಚ್ಚಳದಲ್ಲಿ ಸುರಿಯುವ ಅಂದಾಜನ್ನೂ ಬಿಡಿ, ಅಳತೆ ಗೆರೆ ಇರುವ ಬಾಟಲಿ ಇಟ್ಟುಕೊಳ್ಳಿ. ತೋಟದ ಮಷಿನ್ನಿನ ಕ್ಯಾನು, ದೋಣಿಯ ಕ್ಯಾನು ಬೇರೆ ಬೇರೆ ಬಣ್ಣದವು ಇರಲಿ. ಕೆಲಸದವರು ಯಾವುದನ್ನೋ ಯಾವುದಕ್ಕೋ ಸುರಿಯುವುದು ತಪ್ಪುತ್ತದೆ.

ಕರಾವಳಿಯಿಂದ ಬಂದ ಎಂಜಿನ್ ಅಂದಿರಿ, ಹಾಗಾಗಿ ಇನ್ನೊಂದು ವಿಷಯ ನೋಡಲೇಬೇಕು. ಅಲ್ಲಿ ಸೀಮೆಎಣ್ಣೆಯಲ್ಲಿ ಓಡುವ ಔಟ್‌ಬೋರ್ಡ್‌ಗಳು ಬಹಳ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಅವುಗಳ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಕಡಿಮೆ, ಜೆಟ್ಟಿನ ಅಳತೆ ಬೇರೆ. ಯಮಹಾ ಆದರೆ ಇಂಥ ಮಾದರಿಯ ಹೆಸರಿನಲ್ಲಿ ಸಾಮಾನ್ಯವಾಗಿ ‘ಕೆ’ ಅಕ್ಷರ ಇರುತ್ತದೆ. ಎರಡು ಇಂಧನಕ್ಕೆ ಬೇರೆ ಬೇರೆ ದಾರಿ ಕೊಡುವ ತಿರುಗಿಸುವ ನಲ್ಲಿ ಇದ್ದರೂ ಗೊತ್ತಾಗುತ್ತದೆ. ಆ ನಲ್ಲಿ ಅರ್ಧ ಕಟ್ಟಿದ್ದರೂ ನಿಮ್ಮದೇ ಲಕ್ಷಣ ಬರುತ್ತದೆ, ಎರಡೂ ಕಡೆ ತಿರುಗಿಸಿ ಊದಿ ನೋಡಿ. ಸಾಮಾನು ತರುವಾಗ ಮಾದರಿಯ ಹೆಸರು ಪೂರ್ತಿ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಪೆಟ್ರೋಲ್ ಎಂಜಿನ್ನಿನ ಜೆಟ್ಟು ಸೀಮೆಎಣ್ಣೆ ಎಂಜಿನ್‌ಗೆ ಬಂದು ಕೂರುತ್ತದೆ.

ಸಮುದ್ರಮಟ್ಟದ ಎಂಜಿನ್ ಘಟ್ಟ ಹತ್ತಿ ಬಂದಿದ್ದಕ್ಕೆ ಹೀಗಾಯಿತು ಅಂತ ಯಾರಾದರೂ ಹೇಳಿದರೆ ತಲೆಕೆಡಿಸಿಕೊಳ್ಳಬೇಡಿ. ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅಷ್ಟು ಎತ್ತರಕ್ಕೆ ಶಕ್ತಿ ನೂರಕ್ಕೆ ಐದರಷ್ಟು ಕಡಿಮೆಯಾಗಬಹುದು, ಮಿಶ್ರಣದಲ್ಲಿ ಪೆಟ್ರೋಲ್ ಚೂರು ಜಾಸ್ತಿಯಾಗಬಹುದು. ಇ20 ಅದಕ್ಕೆ ಉಲ್ಟಾ ಎಳೆಯುತ್ತದೆ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಪೆಟ್ರೋಲ್ ಸ್ವಲ್ಪ ಕಡಿಮೆ, ಗಾಳಿ ಜಾಸ್ತಿ ಆದ ಹಾಗಾಗುತ್ತದೆ. ಒಂದನ್ನೊಂದು ಪೂರ್ತಿ ಸರಿದೂಗಿಸುವುದಿಲ್ಲ, ಆದರೆ ಹತ್ತು ನಿಮಿಷಕ್ಕೆ ಎಂಜಿನ್ ನಿಲ್ಲುವುದಕ್ಕೂ ಎತ್ತರಕ್ಕೂ ಸಂಬಂಧ ಇಲ್ಲ.

ಪೈಪು, ಟ್ಯಾಂಕು, ಫಿಲ್ಟರ್ ಎಲ್ಲ ಸರಿ ಇದ್ದೂ ಲಕ್ಷಣ ಹಾಗೇ ಇದ್ದರೆ ಪಂಪ್ ಬಿಚ್ಚಿ. ಇದು ಅಂಗೈಗಿಂತ ಸಣ್ಣ ಸಾಮಾನು. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಎಂಜಿನ್ನಿನ ಹೊಟ್ಟೆಯಲ್ಲಿ ಹುಟ್ಟುವ ಒತ್ತಡದ ಬಡಿತದಿಂದಲೇ ಇದರ ಡಯಾಫ್ರಂ ಅಲ್ಲಾಡುತ್ತದೆ, ಪೆಟ್ರೋಲ್ ಮುಂದೆ ಹೋಗುತ್ತದೆ. ಬೇರೆ ಮೋಟಾರ್ ಏನೂ ಇಲ್ಲ. ಡಯಾಫ್ರಂ ಗಟ್ಟಿಯಾದರೆ ನಿಧಾನಕ್ಕೆ ಓಡುವಷ್ಟು ಪೆಟ್ರೋಲ್ ಕೊಡುತ್ತದೆ, ಫುಲ್‌ಗೆ ಬೇಕಾದಷ್ಟು ಕೊಡುವುದಿಲ್ಲ. ಹರಿದಿದ್ದರೆ ಪೆಟ್ರೋಲ್ ಬಡಿತದ ತೂತಿನಿಂದ ಸೀದಾ ಎಂಜಿನ್ ಒಳಗೆ ಹೋಗುತ್ತದೆ. ಆಗ ಎರಡು ಪ್ಲಗ್ ತೆಗೆದು ಪಕ್ಕದಲ್ಲಿಟ್ಟರೆ ಒಂದು ಯಾವಾಗಲೂ ಒದ್ದೆ, ಕಪ್ಪು. ನಿಮ್ಮ ಹೊಸ ಪ್ಲಗ್‌ಗಳನ್ನು ಒಮ್ಮೆ ತೆಗೆದು ನೋಡಿ. ತಿಳಿ ಕಂದು ಬಣ್ಣ ಇದ್ದರೆ ಒಳ್ಳೆಯದು, ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದೆ ಓಡಿದೆ ಅಂತ.

ಪಂಪ್ ಬಿಚ್ಚುವಾಗ ಪ್ರತಿ ಪದರದ ಫೋಟೊ ತೆಗೆದುಕೊಳ್ಳಿ. ಡಯಾಫ್ರಂ, ಪ್ಯಾಕಿಂಗ್, ಮಧ್ಯದ ಭಾಗ ಇವುಗಳ ಕ್ರಮ ತಪ್ಪಿದರೆ ಪಂಪ್ ಕೆಲಸವೇ ಮಾಡುವುದಿಲ್ಲ. ಡಯಾಫ್ರಂ ಬೆಳಕಿಗೆ ಹಿಡಿದು ಸೂಜಿಮೊನೆಯಷ್ಟು ತೂತೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ವಾಲ್ವಿನ ತೆಳು ಎಲೆಗಳು ಸೊಟ್ಟಗಾಗಿರಬಾರದು. ರಿಪೇರಿ ಕಿಟ್ ಸಿಗುತ್ತದೆ, ಪೂರ್ತಿ ಹಾಕಿ. ಸೈಕಲ್ ಟ್ಯೂಬ್ ಕತ್ತರಿಸಿ ಡಯಾಫ್ರಂ ಮಾಡುವ ಜಾಣತನ ಇಲ್ಲಿ ನಡೆಯುವುದಿಲ್ಲ.

ಕಾರ್ಬೊರೇಟರ್ ಮತ್ತೆ ಬಿಚ್ಚಬೇಕಾದ ಲಕ್ಷಣ ಬೇರೆ. ಫುಲ್‌ನಲ್ಲಿ ಚೆನ್ನಾಗಿ ಓಡಿ, ನಿಧಾನ ಮಾಡಿದ ಕೂಡಲೇ ನಿಲ್ಲುವುದು. ಬಿಸಿಯಾದ ಮೇಲೂ ಚೋಕ್ ಎಳೆದರೆ ಮಾತ್ರ ಓಡುವುದು. ಆಗ ಜೆಟ್ ತೆಗೆದು ಕಾರ್ಬೊರೇಟರ್ ಸ್ಪ್ರೇ ಹೊಡೆಯಿರಿ, ಕನ್ನಡಕ ಹಾಕಿಕೊಂಡು. ತಂತಿ ತುರುಕಿ ತೂತು ದೊಡ್ಡದು ಮಾಡುವವರ ಕೈಗೆ ಮಾತ್ರ ಕೊಡಬೇಡಿ. ಈಗಾಗಲೇ ಎರಡು ಸಲ ಬಿಚ್ಚಿರುವುದರಿಂದ ಒಳಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಎತ್ತರ ಪುಸ್ತಕದ ಪ್ರಕಾರ ಇದೆಯಾ, ಪ್ಯಾಕಿಂಗ್ ಹಳೆಯದನ್ನೇ ಹಾಕಿದ್ದಾರಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ.

ಪರೀಕ್ಷೆ ಮಾಡುವಾಗ ನೀರಿಲ್ಲದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಅರೆ ನಿಮಿಷಕ್ಕೂ ಬೇಡ. ನೀರಿನ ಪಂಪಿನ ರಬ್ಬರ್ ಚಕ್ರ ಒಣಗಿ ಓಡಿದರೆ ಸುಟ್ಟುಹೋಗುತ್ತದೆ. ಮನೆಯಲ್ಲಿ ನೋಡುವುದಾದರೆ ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಫ್ಯಾನಿನ ಮೇಲಿನ ಚಪ್ಪಟೆ ತಗಡು ಮುಳುಗುವ ಹಾಗೆ ಇಳಿಬಿಡಿ, ಹಿಂದಿನಿಂದ ನೀರಿನ ಧಾರೆ ಬರುತ್ತಿರಬೇಕು. ಡ್ರಮ್ಮಿನಲ್ಲಿ ಗೇರ್ ಹಾಕಿ ಫುಲ್ ಕೊಡುವ ಹಾಗಿಲ್ಲ, ಆದ್ದರಿಂದ ನಿಮ್ಮ ತೊಂದರೆಯ ಪೂರ್ತಿ ಪರೀಕ್ಷೆ ದೋಣಿಯಲ್ಲೇ ಆಗಬೇಕು. ದಡದ ಉದ್ದಕ್ಕೆ ಓಡಿಸಿ, ನಡುನೀರಿಗೆ ಹೋಗಬೇಡಿ. 1964ರಲ್ಲಿ ಅಣೆಕಟ್ಟು ಆದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇನ್ನೂ ನೀರಡಿ ನಿಂತಿವೆ. ಗಾಳಿ ಎದ್ದಾಗ ಎಂಜಿನ್ ನಿಂತರೆ ದೋಣಿ ಅವುಗಳ ಮೇಲೇ ಹೋಗುತ್ತದೆ. ಹುಟ್ಟು, ಹಗ್ಗ, ಎಲ್ಲರ ಮೈಮೇಲೆ ಲೈಫ್ ಜಾಕೆಟ್ ಇರಲಿ. ಸಿಗಂದೂರಿನ ಸೇತುವೆ 2025ರಲ್ಲಿ ಶುರುವಾದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿತು, ಆದರೆ ನಿಮ್ಮಂತೆ ಹಿನ್ನೀರಿನ ಆಚೆ ತೋಟ ಇರುವವರಿಗೆ ದೋಣಿಯೇ ಗತಿ, ಅಲ್ವಾ.

ಖರ್ಚು ಮಾಡುವ ಮೊದಲು ಇನ್ನೊಂದು ಪರೀಕ್ಷೆ ಮಾಡಿಸಿ. ಪೆಟ್ರೋಲ್ ಸಾಲದೆ ಎಷ್ಟೋ ಸಲ ಓಡಿದ ಎಂಜಿನ್ ಇದು. ಎರಡೂ ಪ್ಲಗ್ ತೆಗೆದು, ಪ್ಲಗ್ ವಯರ್‌ಗಳನ್ನು ಎಂಜಿನ್ ಮೈಗೆ ತಾಗಿಸಿಟ್ಟು, ಕಂಪ್ರೆಶನ್ ಗೇಜ್ ಹಾಕಿ ಹಗ್ಗ ಎಳೆದು ನೋಡಲಿ. ಎರಡು ಸಿಲಿಂಡರಿನ ಅಂಕಿ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದು ಇನ್ನೊಂದಕ್ಕಿಂತ ನೂರಕ್ಕೆ ಹದಿನೈದಕ್ಕೂ ಜಾಸ್ತಿ ಕಡಿಮೆ ಇದ್ದರೆ ಆ ಕಡೆಯ ರಿಂಗ್ ಅಥವಾ ಬೋರ್ ಈಗಾಗಲೇ ಏಟು ತಿಂದಿದೆ. ಆಗ ಪೈಪು, ಕಿಟ್ಟು ತರಿಸುವ ಮೊದಲು ಎಂಜಿನ್ ಬಿಚ್ಚಿಸಿ ನೋಡುವುದು ಒಳ್ಳೆಯದು.

ಅಂಕಿ ಸರಿ ಇದ್ದರೆ ಗಾಳಿ ತೂತಿನಿಂದ ಶುರು ಮಾಡಿ, ಹೊಸ ಪೆಟ್ರೋಲ್, ಆಮೇಲೆ ಪೈಪ್ ಮತ್ತು ಬಲ್ಬ್, ಕೊನೆಗೆ ಪಂಪ್. ಒಂದು ಸಲಕ್ಕೆ ಒಂದೇ ಬದಲಾಯಿಸಿ ಓಡಿಸಿ ನೋಡಿ. ಮುಂದಿನ ಮೇ ತಿಂಗಳ ಕೊನೆಗೆ ದೋಣಿ ಎತ್ತಿಡುವಾಗ ಎಂಜಿನ್ ಓಡುತ್ತಿರುವಂತೆಯೇ ಪೈಪಿನ ಕನೆಕ್ಟರ್ ತೆಗೆದು, ಒಳಗಿನ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ನಿಧಾನಕ್ಕೆ ಓಡಿಸಿ. ಕಾರ್ಬೊರೇಟರಿನ ಕೆಳಗಿನ ತಿರುಪು ಬಿಚ್ಚಿ ಉಳಿದದ್ದನ್ನು ಇಳಿಸಿ. ಪ್ಲಗ್ ತೆಗೆದು ಸಿಲಿಂಡರಿಗೆ ಒಂದೊಂದು ಚಮಚ ಟೂ ಸ್ಟ್ರೋಕ್ ಆಯಿಲ್ ಬಿಟ್ಟು ಹಗ್ಗ ನಿಧಾನಕ್ಕೆ ಎರಡು ಮೂರು ಸಲ ಎಳೆದು ಪ್ಲಗ್ ಹಾಕಿಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸಿ, ಗಾಳಿ ತಿರುಪು ಮುಚ್ಚಿ, ಕೊಟ್ಟಿಗೆಯ ಬದಲು ಅಟ್ಟದ ಕೆಳಗೆ ಒಣ ಜಾಗದಲ್ಲಿ ಎಂಜಿನ್ ನೇರವಾಗಿ ನಿಲ್ಲಿಸಿ ಇಡಿ.